ಬಿಲ್ಲೆಯ ಹಿಂದಿನ ಅಂಚು

ನಮ್ಮ ಆಳಂದದ ಮನೆಯಲ್ಲಿ ದೇವರ ಮಾಡದ ಎದುರಿಗೇ ಅಪ್ಪನ ಕಾನಸದ ಖೋಲಿ ಇತ್ತು. ಪುಸ್ತಕದಲ್ಲಿ ಅರ ಎನ್ನುತ್ತಾರಲ್ಲ, ಲೋಹವನ್ನು ತಿಕ್ಕಿ ಸವೆಸುವ ಹಲ್ಲಿನ ಉಕ್ಕಿನ ಪಟ್ಟಿ, ಅದಕ್ಕೆ ನಮ್ಮ ಕಡೆ ಕಾನಸ ಎನ್ನುತ್ತಾರೆ. ಖೋಲಿಗೆ ಒಂದೇ ಕಿಟಕಿ, ಅದೂ ಉತ್ತರಕ್ಕೆ. ಉತ್ತರದ ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ, ಲೋಹದ ಮೇಲಿನ ಗೆರೆ ಮುಚ್ಚಿಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಫರಸಿ ಕಲ್ಲಿನ ನೆಲ, ಕಿಟಕಿಯ ಕೆಳಗೆ ಬೇವಿನ ಹಲಗೆಯ ಮೇಜು, ಅದಕ್ಕೆ ಬಿಗಿದ ವೈಸ್, ಲೋಹವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ. ಗೋಡೆಯ ತುಂಬ ಸಾಲಾಗಿ ಮೊಳೆ. ಒಂದೊಂದು ಮೊಳೆಗೆ ಒಂದೊಂದೇ ಕಾನಸ: ಚಪ್ಪಟೆಯದು, ಅರ್ಧ ದುಂಡನೆಯದು, ಇಲಿಬಾಲದಂಥದು, ಮೂರು ಮೂಲೆಯದು, ಒರಟು ಹಲ್ಲಿನದು, ನಯದ ಹಲ್ಲಿನದು. ಒಂದರ ಹಲ್ಲು ಇನ್ನೊಂದಕ್ಕೆ ತಾಗಬಾರದು. ಡಬ್ಬಿಯಲ್ಲಿ ಒಟ್ಟಿಗೆ ಹಾಕಿಟ್ಟರೆ ಅವು ಒಂದನ್ನೊಂದು ತಿಂದುಕೊಳ್ಳುತ್ತವೆ. ನಮ್ಮ ಅಡುಗೆಮನೆಯಲ್ಲಿ ತಟ್ಟೆ ಲೋಟ ಹೇಗೆ ಬೇಕಾದರೂ ಬಿದ್ದಿರುತ್ತಿದ್ದವು, ಆ ಗೋಡೆಯ ಮೇಲೆ ಮಾತ್ರ ಮಿಲಿಟರಿ ಡಿಸಿಪ್ಲಿನ್. ಅಪ್ಪನ ಅವ್ವ, ನಾವೆಲ್ಲ ಆಯಿ ಅನ್ನುತ್ತಿದ್ದವಳು, ಅದನ್ನು ನೋಡಿ ಸುಮ್ಮನಿರುತ್ತಿರಲಿಲ್ಲ.

"ನಿನ್ನ ಕಾನಸಕ್ಕ ಇರೋ ಮರ್ಯಾದಿ ಈ ಮನಿ ಹೆಂಗಸರಿಗಿ ಇಲ್ಲಪ್ಪಾ. ನನಗೂ ಒಂದು ಮೊಳಿ ಹೊಡಿ, ಅಲ್ಲೇ ತೂಗ್ಯಾಡ್ತೇನಿ."

ಅಪ್ಪ ತೊಗರಿಬೇಳೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಒಕ್ಕಲುತನದ ಮನೆತನದಲ್ಲಿ ಹುಟ್ಟಿ ಲೋಹದ ಕೆಲಸಕ್ಕೆ ಹೋದ ಮಗನ ಬಗ್ಗೆ ಆಯಿಗೆ ಸ್ವಲ್ಪ ನಾಚಿಕೆ, ಸ್ವಲ್ಪ ಹೆಮ್ಮೆ. ಬೆಳಿಗ್ಗೆ ಮಿಲ್ಲಿಗೆ ಹೋಗುವ ಮುನ್ನ ಮತ್ತು ರಜೆಯ ದಿನ ಅವನು ಆ ಖೋಲಿಯಲ್ಲಿ ಊರಿನವರ ಕೀಲಿಕೈ, ಅಡಕತ್ತರಿ, ಪಂಪಿನ ಬಿಡಿಭಾಗ ಸರಿಮಾಡುತ್ತಿದ್ದ. ನಾನು ಎಂಟು ವರ್ಷದವಳಿದ್ದಾಗ ನಮ್ಮವ್ವ ನೀಲವ್ವ ನಾಲ್ಕು ದಿನದ ಜ್ವರದಲ್ಲಿ ಹೋದಳು. ಆಮೇಲೆ ಅಪ್ಪ ಮನೆಯ ಬೇರೆಲ್ಲ ಕಡೆ ಮಾತು ಬಿಟ್ಟ. ಊಟಕ್ಕೆ ಕೂತರೆ ಹೂಂ, ಉಹೂಂ ಅಷ್ಟೇ. ಆ ಖೋಲಿಯೊಳಗೆ ಮಾತ್ರ ಅವನಿಗೆ ನಾಲಿಗೆ ಇತ್ತು. ಅದಕ್ಕೇ ನಾನು ಶಾಲೆಯಿಂದ ಬಂದವಳೇ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಕಾನಸ ಕಲಿಯುವುದು ನನಗೆ ಹಾಬಿ ಆಗಿರಲಿಲ್ಲ. ಅಪ್ಪನ ದನಿ ಕೇಳಲು ಇದ್ದ ಒಂದೇ ದಾರಿ ಅದು.

"ಮೊದಲ ಲೋಹ ಯಾವುದು ನೋಡು. ಎಷ್ಟು ತೆಗಿಬೇಕು ನೋಡು. ಜಾಗಾ ಸಪಾಟ ಅದನೋ, ಬಾಗೇದನೋ ನೋಡು. ಈ ಮೂರೂ ನೋಡಿದ ಮ್ಯಾಲ ಗ್ವಾಡಿ ಕಡಿ ಕೈ ಚಾಚು. ಕೈಗಿ ಸಿಕ್ಕಿದ್ದು ಹಿಡ್ಕೊಂಡು ಬರಾಕ ಇದು ಚಮಚಾ ಅಲ್ಲ ಬೇ."

ಹೊಸ ಕಾನಸ ಬಂದರೆ ಒಂದು ವರ್ಷ ಅದು ಹಿತ್ತಾಳೆಗೆ ಮಾತ್ರ. ಹಲ್ಲಿನ ಮೊದಲ ಹರಿತ ಹೋದ ಮೇಲೆ ಕಬ್ಬಿಣಕ್ಕೆ. ತಿರುಗುಮುರುಗಾದರೆ, ಕಬ್ಬಿಣ ತಿಕ್ಕಿ ಮೊಂಡಾದ ಹಲ್ಲು ಹಿತ್ತಾಳೆಯ ಮೇಲೆ ಬರೀ ಜಾರುತ್ತದೆ. ಹಿಡಿ ಇಲ್ಲದ ಕಾನಸವನ್ನು ಮುಟ್ಟಲೇಬಾರದು, ಅದರ ಚೂಪು ಬಾಲ ಅಂಗೈಗೆ ಇಳಿಯುತ್ತದೆ. ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ಎಳೆಯುವಾಗಲೂ ಒತ್ತುವವನ ಕಾನಸ ಬೇಗ ಸಾಯುತ್ತದೆ. ತಳ್ಳುವ ಮೊದಲಲ್ಲಿ ಎಡಗೈಯ ಭಾರ, ಕೊನೆಯಲ್ಲಿ ಬಲಗೈಯ ಭಾರ. ಈ ಬದಲಾವಣೆ ಕೈಗೆ ಹತ್ತದಿದ್ದರೆ ಸಪಾಟಾಗಬೇಕಾದದ್ದು ಮೀನಿನ ಬೆನ್ನಿನಂತೆ ಉಬ್ಬುತ್ತದೆ. ನನಗೆ ಅದು ಹತ್ತಲು ಆರು ತಿಂಗಳು ಹಿಡಿಯಿತು. ಬೆಳ್ಳಿ, ತಾಮ್ರದಂಥ ಮೆತ್ತನೆಯ ಲೋಹದ ಪುಡಿ ಹಲ್ಲಿನ ಸಂದಿಗೆ ಕಚ್ಚಿಕೊಂಡು ಗೀರು ಹಾಕುತ್ತದೆಂದು ಮೊದಲು ಕಾನಸಕ್ಕೆ ಸೀಮೆಸುಣ್ಣ ತಿಕ್ಕಬೇಕು. ಇಷ್ಟೆಲ್ಲ ಆದ ಮೇಲೆ ಕೊನೆಯ ಪಾಠ. ಒಂದು ಕಡೆಯಿಂದ ಒತ್ತಿ ತಿಕ್ಕಿದಾಗ ಲೋಹ ಆಚೆಯ ಅಂಚಿಗೆ ಸರಿದು ಅಲ್ಲಿ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಜೋಳದ ತೆನೆಯ ಮೇಲಿನ ತುರಿಸುವ ಸುಂಕಿನ ಹಾಗೆ. ಅಪ್ಪ ಅದನ್ನು ಸುಂಕು ಎಂದೇ ಕರೆಯುತ್ತಿದ್ದ. ಇಂಗ್ಲಿಷಿನಲ್ಲಿ ಅದಕ್ಕೆ ಬರ್ ಅನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಒಂದು ಡಿಕ್ಷನರಿಯಲ್ಲಿ.

"ಕಣ್ಣಿಗಿ ಕಾಣೂದಿಲ್ಲ ಅಂದ್ರ ಇಲ್ಲ ಅಂತ ಅಲ್ಲ. ಹೆಬ್ಬೆಟ್ಟು ಅಂಚಿಗಿ ಅಡ್ಡ ಎಳಿ, ಉದ್ದಕ ಎಳದ್ರ ಕೊಯ್ತದ. ಸುಂಕು ಬಿಟ್ಟು ಕೊಟ್ಟ ಕೆಲಸ ಅಂದ್ರ ಮಂದೀಗಿ ಚೂರಿ ಕೊಟ್ಟಂಗ."

ಅವ್ವ ಹೋದ ಎರಡನೆಯ ವರ್ಷ ಆಯಿಯ ಹಟಕ್ಕೆ ಅಪ್ಪ ಮರುಮದುವೆಗೆ ಒಪ್ಪಿದ. ಖಜೂರಿಯಿಂದ ಶಾಂತಾಬಾಯಿ ಬಂದಳು. ಹತ್ತೊಂಬತ್ತರ ಹುಡುಗಿ. ಗಡಿಯೂರಿನವಳಾದ್ದರಿಂದ ಮಾತಿನ ನಡುವೆ ಮರಾಠಿ ನುಸುಳಿ ಬಿಡುತ್ತಿತ್ತು, ಬಂದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೇ ನಗುತ್ತಿದ್ದಳು. ತವರಿನಿಂದ ಒಂದು ಗಡಿಗೆ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ತಂದಿದ್ದಳು. ಮೊದಲ ದಿನವೇ ನನ್ನ ತಟ್ಟೆಗೆ ಅದನ್ನು ಹಾಕಿ ಮೇಲೆ ಎಣ್ಣೆ ಬಿಟ್ಟಳು. ನಾನು ತಟ್ಟೆ ಸರಿಸಿ ಎದ್ದು ಹೋದೆ. ಅವಳನ್ನು ಸಣ್ಣವ್ವ ಎಂದು ಕರೆಯಬೇಕೆಂದು ಆಯಿ ಹೇಳಿಕೊಟ್ಟಳು. ನಾನು ಏನೆಂದೂ ಕರೆಯಲಿಲ್ಲ.

ನಮ್ಮ ಆಯಿ ನಂಬಿದ್ದ ಒಂದು ಪದ್ಧತಿ ಇತ್ತು. ಸತ್ತವಳ ಜಾಗಕ್ಕೆ ಬಂದವಳು ಸತ್ತವಳ ಹೆಸರಿನ ಬೆಳ್ಳಿಯ ಬಿಲ್ಲೆಯೊಂದನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು. ಅದು ಮೈಮೇಲೆ ಇರುವವರೆಗೆ ಹಿಂದಿನವಳ ಸಿಟ್ಟು ಹೊಸಬಳಿಗೆ ತಾಗುವುದಿಲ್ಲ. ಕೊರಳಲ್ಲಿ ಲಿಂಗ ಇರುವ ಮನೆಯವರಿಗೆ ಇದೆಲ್ಲ ಯಾಕೆ ಎಂದು ಅಪ್ಪ ಒಮ್ಮೆ ಕೇಳಿದ. ಲಿಂಗ ಶಿವನದು, ಬಿಲ್ಲೆ ನೀಲವ್ವನದು, ನೀ ಸುಮ್ಮನಿರು ಎಂದಳು ಆಯಿ. ಬೆಳ್ಳಿಗೆ ಅವ್ವನ ಕಾಲುಂಗುರಗಳನ್ನೇ ತೆಗೆದಳು. ಆ ಕಾಲುಂಗುರ ನನಗೆಂದು ಅವ್ವ ಹೇಳಿದ್ದಳು, ಅಥವಾ ಹೇಳಿದ್ದಳೆಂದು ನಾನು ನಂಬಿದ್ದೆ. ಪತ್ತಾರ ಅವನ್ನು ಕರಗಿಸಿ, ತಟ್ಟಿ, ಒಂದು ತುಂಡು ತಗಡು ಮಾಡಿ ಕೊಟ್ಟ. ಮುಂದಿನದನ್ನು ನಾನೇ ಮಾಡುತ್ತೇನೆ ಎಂದ ಅಪ್ಪ.

ಕೆಲಸ ಶುರುವಾದ ಬೆಳಿಗ್ಗೆ ಸೀಮೆಸುಣ್ಣ ಮುಗಿದಿತ್ತು. ಅಪ್ಪ ದೇವರ ಮಾಡದಿಂದ ವಿಭೂತಿ ಗಟ್ಟಿ ತಂದು ಕಾನಸದ ಹಲ್ಲಿಗೆ ತಿಕ್ಕಿದ. ಆಯಿ ನೋಡಿಬಿಟ್ಟಳು.

"ಏ ಹುಚ್ಚ, ಹಣಿಗಿ ಹಚ್ಚೋ ಇಬತ್ತಿ ಕಬ್ಬಣಕ್ಕ ಹಚ್ತೀ?"

"ಬೆಳ್ಳಿ ಕಚ್ಕೋಬಾರದಂತ ಹಚ್ಚೀನವ್ವ. ಇಬತ್ತಿ ಏನ್ ಕಡಿಮಿ ಆಗ್ತದ?"

"ಸತ್ತಾಕಿ ಬಿಲ್ಲಿ ಅದು. ಏನಾದ್ರೂ ಹೆಚ್ಚುಕಮ್ಮಿ ಆದ್ರ ನಿನ್ನ ಕೇಳ್ತೇನಿ."

ಎರಡು ದಿನದಲ್ಲಿ ತಗಡು ದುಂಡಗಾಯಿತು. ಮೇಲೆ ಪುಟ್ಟ ತೂತು. ಮೂರನೆಯ ದಿನ ಮಿಲ್ಲಿನಲ್ಲಿ ಏನೋ ಮುರಿದು ಅಪ್ಪನನ್ನು ಕರೆಯಲು ಬಂದರು. ಸಂಜೆಗೆ ಬಿಲ್ಲೆ ಕಟ್ಟುವ ಶಾಸ್ತ್ರ. ಅಪ್ಪ ನನ್ನ ಕಡೆ ನೋಡಿದ.

"ಸುಮಿ, ಬರೀ ಅಂಚು ಉಳಿದದ. ನಯದ ಅರ್ಧದುಂಡಂದು ತಗೋ. ಸುಂಕು ತೆಗೆದು ಆಯಿ ಕೈಗಿ ಕೊಡು. ನಿನ್ನ ಕೈ ಅದ ಅಂತ ಬಿಟ್ಟು ಹೊಂಟೇನಿ."

ಯಾರಾದರೂ ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ನಾನು ಬಿಲ್ಲೆಯನ್ನು ವೈಸಿಗೆ ಹಾಕಿದೆ, ಗೀರು ಬೀಳದಂತೆ ಎರಡೂ ಬದಿಗೆ ಚರ್ಮದ ತುಂಡು ಇಟ್ಟು, ಕಲಿಸಿದ ಹಾಗೆಯೇ. ಎದುರಿನ ಅಂಚನ್ನು ಕನ್ನಡಿ ಮಾಡಿದೆ. ಹೆಬ್ಬೆರಳು ಅಡ್ಡ ಎಳೆದರೆ ಗಾಜು. ಆಮೇಲೆ ಗೋಡೆಯ ಕಡೆ ತಿರುಗಿ, ನಯದ ಕಾನಸ ಇಟ್ಟು ಒರಟು ಹಲ್ಲಿನದನ್ನು ತೆಗೆದುಕೊಂಡೆ. ಅಪ್ಪ ಹೇಳಿದ ಮೂರೂ ಪ್ರಶ್ನೆ ಕೇಳಿಕೊಂಡೆ ಎಂದು ಈಗಲೂ ನೆನಪಿದೆ. ಲೋಹ ಯಾವುದು, ಎಷ್ಟು, ಜಾಗ ಹೇಗಿದೆ. ಎದುರಿನಿಂದ ಹಿಂದಕ್ಕೆ, ಕೆಳಗಿನ ಬಾಗಿನಲ್ಲಿ, ಒತ್ತಿ ನಾಲ್ಕು ಸಲ ತಳ್ಳಿದೆ. ಬಿಲ್ಲೆಯ ಬೆನ್ನಿಗೆ, ಚರ್ಮಕ್ಕೆ ತಾಗುವ ಕಡೆಗೆ, ಸುಂಕು ಎದ್ದಿತು. ಅದನ್ನು ತೆಗೆಯಲಿಲ್ಲ. ಎದುರಿನ ಅಂಚನ್ನು ಮಾತ್ರ ಮತ್ತೆ ನಯ ಮಾಡಿ, ಸೆರಗಿಲ್ಲದ ಫ್ರಾಕಿನ ಅಂಚಿನಿಂದ ಒರೆಸಿ ಆಯಿಗೆ ಕೊಟ್ಟೆ. ಹತ್ತು ವರ್ಷದ ಮಗು, ಗೊತ್ತಾಗದೆ ಮಾಡಿತು ಎಂದು ಬರೆದರೆ ಓದುವವರು ನಂಬಬಹುದು. ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಕರಿದಾರದಲ್ಲಿ ಪೋಣಿಸಿದ ಬಿಲ್ಲೆ ಸಣ್ಣವ್ವನ ಕೊರಳ ಗುಳಿಯಲ್ಲಿ ಕೂತಿತು. ನಮ್ಮ ಮನೆಯಲ್ಲಿ ದಿನಕ್ಕೆ ಮೂವತ್ತು ರೊಟ್ಟಿ. ಅವಳು ಬಗ್ಗಿ ಟಪಟಪ ತಟ್ಟುವಾಗೆಲ್ಲ ಬಿಲ್ಲೆ ತೂಗಿ ತೂಗಿ ಚರ್ಮಕ್ಕೆ ಉಜ್ಜುತ್ತಿತ್ತು. ಎರಡನೆಯ ದಿನ ಒಂದು ಕೆಂಪು ಗೆರೆ. ಅದನ್ನು ಕಂಡು ನನಗೆ ಖುಷಿಯಾಯಿತು. ಐದನೆಯ ದಿನಕ್ಕೆ ಚರ್ಮ ಸುಲಿಯಿತು. ಎಂಟನೆಯ ದಿನಕ್ಕೆ ಕೀವು. ಅರಿಶಿನ ಹಚ್ಚಿದರು, ಕೊಬ್ಬರಿ ಎಣ್ಣೆ ಹಚ್ಚಿದರು, ಮರುದಿನ ರೊಟ್ಟಿ ತಟ್ಟಿದರೆ ಮತ್ತೆ ಅದೇ ಗಾಯ. ಬಿಲ್ಲೆ ತೆಗೆಯುವ ಮಾತೇ ಇಲ್ಲ. ನೆರೆಯ ಹೆಂಗಸರು ನೀರು ತರುವ ನೆಪದಲ್ಲಿ ಬಂದು ಅವಳ ಕೊರಳು ನೋಡಿ ಹೋಗತೊಡಗಿದರು. ಆಯಿ ತೀರ್ಪು ಕೊಟ್ಟಳು.

"ನೀಲವ್ವ ಇನ್ನಾ ಒಪ್ಪಿಲ್ಲ. ಇಂದಿನಿಂದ ನೀ ಉಣ್ಣೂಕಿಂತ ಮೊದಲ ಆಕಿಗಿ ಒಂದು ತುತ್ತು ತೆಗೆದಿಡು. ಬೇಡ್ಕೋ."

"ಹೌದ್ರಿ ಅತ್ತಿ," ಎಂದಳು ಸಣ್ಣವ್ವ. ಅವಳ ನಗು ಆ ಹೊತ್ತಿಗಾಗಲೇ ನಿಂತಿತ್ತು. ಅದೇ ಮಧ್ಯಾಹ್ನ ಒಲೆಯ ಮುಂದೆ ನನ್ನನ್ನು ಕರೆದಳು.

"ಸುಮವ್ವಾ, ನಿಮ್ಮವ್ವಗ ಏನ್ ಸೇರ್ತಿತ್ತು ಹೇಳು ಬೇ. ಅದನ್ನೇ ಮಾಡಿ ಇಡ್ತೇನಿ. ನನಗ ಭಾಳ ಅಂಜಿಕಿ ಬರಾಕತ್ತದ."

"ಪುಂಡಿ ಪಲ್ಯ," ಎಂದೆ. ಅವ್ವ ಆ ಹುಳಿ ಸೊಪ್ಪನ್ನು ಬಾಯಿಗೆ ಹಾಕುತ್ತಿರಲಿಲ್ಲ. ಸೇರುತ್ತಿದ್ದದ್ದು ನನಗೆ.

ಅಂದಿನಿಂದ ತಟ್ಟೆಯ ಅಂಚಿನಲ್ಲಿ ಪುಂಡಿ ಪಲ್ಯದ ಒಂದು ತುತ್ತು. ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುವುದನ್ನು ನಾನು ನನ್ನ ತಟ್ಟೆಯ ಮೇಲಿಂದ ನೋಡುತ್ತಿದ್ದೆ. ಖುಷಿ ಎಲ್ಲೋ ಹೋಗಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದಾಗೆಲ್ಲ ಅಪ್ಪನ ಮುಖ ಎದುರಿಗೆ ಬರುತ್ತಿತ್ತು, ನಿನ್ನ ಕೈ ಅದ ಅಂತ ಬಿಟ್ಟು ಹೊಂಟೇನಿ. ಕೆಲವು ಸಲ ನನಗೇ ಅನುಮಾನವಾಗುತ್ತಿತ್ತು, ಅವ್ವನೇ ನನ್ನ ಕೈ ಹಿಡಿದು ಆ ನಾಲ್ಕು ಸಲ ತಳ್ಳಿಸಿದಳೇನೋ ಎಂದು. ಹಾಗೆ ಅಂದುಕೊಂಡರೆ ಸ್ವಲ್ಪ ನಿದ್ದೆ ಬರುತ್ತಿತ್ತು. ಅಪ್ಪ ಗಾಯ ನೋಡಿದ್ದ. ಬಿಲ್ಲೆಯನ್ನು ನೋಡಿರಲಿಲ್ಲ. ಅಂಚು ನಾನು ಮಾಡಿದ್ದೆನಲ್ಲ, ನೋಡುವ ಅಗತ್ಯ ಅವನಿಗೆ ಕಂಡಿರಲಿಕ್ಕಿಲ್ಲ.

ಸುದ್ದಿ ಖಜೂರಿಗೆ ಮುಟ್ಟಿತು. ಒಂದು ಬೆಳಿಗ್ಗೆ ಸಣ್ಣವ್ವನ ಅಣ್ಣ ಟ್ರಕ್ಕಿನಿಂದ ಇಳಿದು ನೇರ ಪಡಸಾಲೆಗೆ ಬಂದ. ಕಾಲು ತೊಳೆಯಲು ಕೊಟ್ಟ ನೀರನ್ನು ಮುಟ್ಟಲಿಲ್ಲ.

"ತಂಗೀನ ಕರ್ಕೊಂಡು ಹೋಗಾಕ ಬಂದೇನ್ರಿ. ಮನಶೇರ ಜೋಡಿ ಸಂಸಾರ ಮಾಡ್ತಾಳಂತ ಕೊಟ್ಟೀವಿ. ಸತ್ತವರ ಜೋಡಿ ಅಲ್ಲ."

"ಕರ್ಕೊಂಡು ಹೋಗಪಾ," ಎಂದಳು ಆಯಿ. ಅವಳಿಗೂ ಸಾಕಾಗಿತ್ತು. "ನಮ್ಮ ನೀಲವ್ವನ ಬಿಲ್ಲಿ ಬಿಚ್ಚಿಟ್ಟು ಹೋಗ್ಲಿ."

ಸಣ್ಣವ್ವ ಗೋಡೆಗೆ ಒರಗಿ ನಿಂತಿದ್ದಳು. ಒಮ್ಮೆ ತಿರುಗಿ ಹೋದ ಹುಡುಗಿಯನ್ನು ಆ ಕಾಲದಲ್ಲಿ ಮತ್ತೆ ಯಾರೂ ಕೇಳುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು, ಅವಳ ಅಣ್ಣನಿಗೂ ಗೊತ್ತಿತ್ತು. ದಾರ ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹಚ್ಚಿ ಬಿಡಿಸಿ, ಬಿಲ್ಲೆಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟಳು. ಟಣ್ ಎಂದಿತು. ಅಪ್ಪ ಅದನ್ನು ಎತ್ತಿಕೊಂಡ. ಯೋಚಿಸಿ ಮಾಡಿದ್ದಲ್ಲ, ಯಾವ ಲೋಹದ ತುಂಡು ಕೈಗೆ ಬಂದರೂ ಅವನ ಹೆಬ್ಬೆರಳು ತಾನಾಗಿ ಅಂಚಿಗೆ ಅಡ್ಡ ಹೋಗುತ್ತಿತ್ತು. ಎದುರಿನ ಅಂಚು ದಾಟಿತು. ಹಿಂದಿನ ಅಂಚಿಗೆ ಬಂದು ನಿಂತಿತು. ಅಪ್ಪ ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದ. ಆಮೇಲೆ ತಲೆ ಎತ್ತಿ, ಅಷ್ಟು ಜನರ ನಡುವೆ, ನನ್ನನ್ನು ನೋಡಿದ. ಬೈಗುಳವಿರಲಿಲ್ಲ ಆ ಕಣ್ಣಲ್ಲಿ. ಪರಿಚಯವಿಲ್ಲದವರನ್ನು ನೋಡುವ ಹಾಗೆ ಇತ್ತು.

ಅವನು ಖೋಲಿಗೆ ಹೋದ. ಬಾಗಿಲ ಆಚೆಯಿಂದ ಮೂರು ಸಲ ಸದ್ದು ಕೇಳಿತು. ಯಾವ ಕಾನಸ ಎಂದು ಸದ್ದಿನಲ್ಲೇ ನನಗೆ ತಿಳಿಯಿತು, ನಯದ ಅರ್ಧದುಂಡನೆಯದು. ಹೊರಗೆ ಬಂದು ಬಿಲ್ಲೆಯನ್ನು ತಟ್ಟೆಯಲ್ಲಿಟ್ಟ.

"ಇನ್ನಾ ಎಂಟು ದಿನ ನೋಡೂನ್ರಿ," ಎಂದ ಭಾವಮೈದುನನಿಗೆ. "ಆಮ್ಯಾಲ ನೀವು ಹೇಳಿದಂಗ ಆಗ್ಲಿ."

ಅಷ್ಟೇ. ಕಾರಣ ಹೇಳಲಿಲ್ಲ. ಏನು ತಿಕ್ಕಿದೆ ಎಂದು ಆಯಿ ಕೇಳಿದ್ದಕ್ಕೆ ಇಬತ್ತಿ ಕುಂತಿತ್ತು, ಒರೆಸಿದೆ ಎಂದ. ಅಣ್ಣ ಒಬ್ಬನೇ ಹೋದ, ಸಣ್ಣವ್ವ ಬಿಲ್ಲೆಯನ್ನು ಮತ್ತೆ ಕಟ್ಟಿಕೊಂಡಳು. ಎಂಟು ದಿನದಲ್ಲಿ ಗಾಯ ಒಣಗಿತು, ಹದಿನೈದು ದಿನದಲ್ಲಿ ಹೊಸ ಚರ್ಮ ಬಂತು. ನೀಲವ್ವ ತುತ್ತು ಒಪ್ಪಿಕೊಂಡಳು ಎಂದು ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ನನ್ನನ್ನು ಕಾಪಾಡಿದ, ಹೌದು. ಆದರೆ ತನ್ನ ಹೆಂಡತಿಯನ್ನು ಆ ಅಂಜಿಕೆಯೊಳಗೇ ಬಿಟ್ಟ. ಇಬ್ಬರನ್ನೂ ಉಳಿಸುವ ದಾರಿ ಇರಲೇ ಇಲ್ಲವೋ, ಇದ್ದೂ ಅವನಿಗೆ ಕಾಣಲಿಲ್ಲವೋ, ಈ ವಯಸ್ಸಿನಲ್ಲೂ ನನಗೆ ಹೇಳಲಾಗುತ್ತಿಲ್ಲ.

ಮರುದಿನ ಶಾಲೆಯಿಂದ ಬಂದಾಗ ಖೋಲಿಗೆ ಕೀಲಿ ಬಿದ್ದಿತ್ತು. ಕೀಲಿಕೈ ಅಪ್ಪನ ಉಡದಾರದಲ್ಲಿ. ಬೇಸಿಗೆ ಮುಗಿದ ಮೇಲೆ ನನ್ನನ್ನು ಕಲಬುರಗಿಯ ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದ. ಆಗ ನಮ್ಮವರಲ್ಲಿ ಹೆಣ್ಣುಮಗಳನ್ನು ಇಂಗ್ಲಿಷ್ ಓದಿಸಿದವರು ಬೆರಳೆಣಿಕೆಯಷ್ಟು. ಎಂಥ ಪ್ರೋಗ್ರೆಸಿವ್ ತಂದೆ ನಿಮಗೆ ಎಂದು ಜೀವನದುದ್ದಕ್ಕೂ ಜನ ನನಗೆ ಹೇಳಿದ್ದಾರೆ. ಥ್ಯಾಂಕ್ಯೂ ಎಂದು ತಲೆಬಾಗಿಸಿದ್ದೇನೆ. ಹಾಸ್ಟೆಲಿನ ಗೇಟಿನಲ್ಲಿ ಟ್ರಂಕು ಇಳಿಸಿ ಅವನು ಹೇಳಿದ ಮಾತು ಅವರಿಗೆ ಗೊತ್ತಿಲ್ಲ.

"ನಿನ್ನ ಕೈ ಭಾಳ ಚಲೋ ಅದ ಸುಮಿ. ಅದಕ್ಕೇ ಅಂಜಿಕಿ ಬರ್ತದ."

ಕಾನ್ವೆಂಟಿನಲ್ಲಿ ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಚಾಪೆಲಿನಲ್ಲಿ ಕನ್ಫೆಷನ್ನಿಗೆ ಸಾಲು ನಿಲ್ಲುತ್ತಿದ್ದರು. ಚಾಕಲೇಟ್ ಕದ್ದದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದು ಜಾಲರಿಯ ಆಚೆಗೆ ಹೇಳಿ, ಎರಡು ನಿಮಿಷದಲ್ಲಿ ಹಗುರಾಗಿ ಹಾರಿಕೊಂಡು ಬರುತ್ತಿದ್ದರು. ನಾನು ಕಂಬಕ್ಕೆ ಒರಗಿ ಅವರ ಮುಖಗಳನ್ನೇ ನೋಡುತ್ತಿದ್ದೆ. ನನ್ನ ಕೊರಳಲ್ಲಿ ಲಿಂಗ, ಆ ಸಾಲು ನನ್ನದಲ್ಲ. ಇಂಗ್ಲಿಷ್ ಚೆನ್ನಾಗಿ ಬಂತು. ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ಬಂತು. ರಜೆಗೆ ಮನೆಗೆ ಹೋದರೆ ಸಣ್ಣವ್ವ ನನಗಾಗಿ ಪುಂಡಿ ಪಲ್ಯ ಮಾಡುತ್ತಿದ್ದಳು, ಮೊದಲ ತುತ್ತು ಅವ್ವನಿಗೆ ಇಡುತ್ತಿದ್ದಳು. ಕೆಲಸಕ್ಕೆ ಸೇರಿದೆ, ಜೇವರ್ಗಿಯಲ್ಲಿ ಮೂರು ದಶಕ ಟೀಚರ್ ಆಗಿದ್ದೆ, ಮದುವೆಯಾಯಿತು, ಮಕ್ಕಳಾದರು. ಅಪ್ಪ ಹೋದ ದಿನ ಹೆಂಗಸರು ಸಣ್ಣವ್ವನ ತಾಳಿ ತೆಗೆಯಲು ಬಂದಾಗ ಅವಳು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದು ಅವರದಲ್ಲ. ಇದು ನಮ್ಮ ಅಕ್ಕಂದು."

ಅವಳು ನೋಡಿಯೇ ಇರದ ಅಕ್ಕ.

ಈಗ ಸಣ್ಣವ್ವ ಅಫಜಲಪುರದಲ್ಲಿ ಮಗ ಶರಣುವಿನ ಮನೆಯಲ್ಲಿದ್ದಾಳೆ. ಶರಣು ನನಗೆ ತಮ್ಮ, ಹಾಫ್ ಬ್ರದರ್ ಎಂಬ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಹೋದ ತಿಂಗಳು ನಾನು ಬಸ್ಸಿನಲ್ಲಿ ಹೋದಾಗ ಅವಳು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಕುಶಲ ಕೇಳುವ ಮೊದಲೇ ಕೊರಳಿಗೆ ಕೈ ಹಾಕಿದಳು.

"ಚಲೋ ಆಯ್ತು ಬಂದಿ. ಬಿಲ್ಲಿ ನಳಕ್ಕ ಬಡದು ಅಂಚು ಎದ್ದದ ನೋಡು. ಚುಚ್ಚಾಕತ್ತದ. ಶರಣ್ಯಾನ ಕೈಗಿ ಕೊಟ್ರ ಪೂರಾ ಸವಸ್ತಾನ. ನೀ ನಿಮ್ಮಪ್ಪಾರ ಹಂತ್ಯಾಕ ಕಲಿತಾಕಿ, ನೀ ತಿಕ್ಕಿ ಕೊಡು."

ಅಪ್ಪನ ಕಾನಸಗಳು ಶರಣುವಿನ ಮೋಟರ್‌ಸೈಕಲ್ ಸಾಮಾನಿನ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಜಂಗು ಹಿಡಿದು. ನಯದ ಅರ್ಧದುಂಡನೆಯದು ಸಿಕ್ಕಿತು. ಹಿಡಿ ಬಿರುಕು ಬಿಟ್ಟಿತ್ತು. ತಂತಿಯ ಬ್ರಶ್ಶಿನಿಂದ ಹಲ್ಲು ತಿಕ್ಕಿದೆ. ಸೀಮೆಸುಣ್ಣ ಕೇಳಿದರೆ ಸಣ್ಣವ್ವ ಒಳಗಿನಿಂದ ವಿಭೂತಿ ಗಟ್ಟಿ ತಂದು ಕೊಟ್ಟಳು. ಐವತ್ತೆಂಟು ವರ್ಷದ ಮೇಲೆ ಬಿಲ್ಲೆ ನನ್ನ ಕೈಯಲ್ಲಿ. ಅಷ್ಟು ತೆಳ್ಳಗಾಗಿತ್ತು, ಅಷ್ಟು ಬೆಚ್ಚಗಿತ್ತು. ಅವಳ ಕೊರಳ ಗುಳಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ. ತಳ್ಳಿದೆ, ಎತ್ತಿದೆ, ತಳ್ಳಿದೆ. ಕೆಲಸ ಮುಗಿಯುವ ಮೊದಲೇ ಬಾಯಿ ತೆರೆದೆ. ಇಂಗ್ಲಿಷಿನಲ್ಲಿ ಎಷ್ಟೋ ಸಲ ಮನಸ್ಸಿನಲ್ಲಿ ರಿಹರ್ಸಲ್ ಮಾಡಿದ್ದ ಮಾತುಗಳು ಯಾವವೂ ಬರಲಿಲ್ಲ.

"ಸಣ್ಣವ್ವ, ಆವಾಗ ನಿನ್ನ ಕೊರಳಾಗ ಗಾಯ ಆಗಿತ್ತಲ್ಲ, ಅದು ಅವ್ವನ ಸಿಟ್ಟಲ್ಲ. ನಾನೇ ಈ ಹಿಂದಿನ ಅಂಚಿಗಿ ಸುಂಕು ಎಬ್ಬಿಸಿ ಕೊಟ್ಟಿದ್ದೆ. ಬೇಕಂತ ಮಾಡಿದ್ದೆ. ಅಪ್ಪಗ ಗೊತ್ತಿತ್ತು."

ಅವಳು ನನ್ನ ಕೈಯೊಳಗಿನ ಕಾನಸವನ್ನು ನೋಡಿದಳು. ಓಣಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ.

"ಅವರಿಗೂ ಗೊತ್ತಿತ್ತು?"

"ಹೂಂ."

"ಪುಂಡಿ ಪಲ್ಯ ಆಕಿಗಿ ಸೇರ್ತಿತ್ತಂತ ಹೇಳಿದಿ. ಅದು?"

"ಅದೂ ಸುಳ್ಳು. ನನಗ ಸೇರ್ತಿತ್ತು."

"ಇಷ್ಟು ವರ್ಷ ದಿನಾ ಕಣ್ಣು ಮುಚ್ಚಿ ತುತ್ತು ಇಟ್ಟೀನಲ್ಲ ಬೇ ನಾ. ಶರಣ್ಯಾ ಹುಟ್ಟುವಾಗ ಆಕೀನ ನೆನಸೀನಿ. ಅವರಿಗಿ ಜಡ್ಡಾದಾಗ ಆಕೀಗಿ ಕೈ ಮುಗದೀನಿ. ಆಕಿಗಿ ಸಿಟ್ಟೇ ಇದ್ದಿಲ್ಲಂದ್ರ, ಆ ತುತ್ತೆಲ್ಲಾ ಯಾರಿಗಿ ಹೋದ್ವು?"

ಉಳಿದ ಅಂಚನ್ನು ಮುಗಿಸಿದೆ. ಹೆಬ್ಬೆರಳು ಅಡ್ಡ ಎಳೆದು, ಎದುರು, ಹಿಂದೆ, ಎರಡೂ ಕಡೆ ನೋಡಿ ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕೂಡಲೇ ಕಟ್ಟಿಕೊಳ್ಳಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿ ಎದ್ದಳು. ನನ್ನ ತಮ್ಮನ ಹೆಂಡತಿ ಊಟಕ್ಕೆ ಕರೆದಳು. ನಾನು ಬರುತ್ತೇನೆಂದು ಪುಂಡಿ ಪಲ್ಯ ಮಾಡಿದ್ದರು. ಸಣ್ಣವ್ವ ನನ್ನ ಪಕ್ಕದಲ್ಲೇ ಕೂತಳು. ರೊಟ್ಟಿ ಮುರಿದು ಪಲ್ಯ ಹಿಡಿದು ತುತ್ತು ಕಟ್ಟಿದಳು. ಕೈ ರೂಢಿಯಂತೆ ತಟ್ಟೆಯ ಅಂಚಿನ ಕಡೆಗೆ ಹೋಯಿತು. ಹೋಗಿ, ಅಲ್ಲಿ ಇಳಿಸಲು ಜಾಗ ಸಿಗದವರ ಹಾಗೆ ಗಾಳಿಯಲ್ಲೇ ನಿಂತಿತು. ನಾನು ತಲೆ ತಗ್ಗಿಸಿದೆ. ಆಮೇಲೆ ಆ ತುತ್ತು ನನ್ನ ತಟ್ಟೆಗೆ ಬಂತು.

"ತಿನ್ನು," ಎಂದಳು. "ನಿಂದೇ ಇತ್ತಲ್ಲ."

ತಿಂದೆ. ಆ ಹುಳಿ ನನಗೆ ಇನ್ನೂ ಸೇರುತ್ತಿತ್ತು.